ವಿಂಚಿಗೆ ಮೂರು ಸುತ್ತು

ಒಂದು ರೊಟ್ಟಿ ಹಂಚಿನ ಮೇಲಿತ್ತು, ಇನ್ನೊಂದನ್ನು ಬಡಿಯುತ್ತಿದ್ದೆ. ಹಿಟ್ಟಿನ ಕೈ ಬಿಟ್ಟೇಳಲಾಗದ ಹೊತ್ತು ನೋಡಿಕೊಂಡೇ ಪಕೀರಮ್ಮ ಬಂದು ಹೊಸ್ತಿಲಿನ ಆಚೆ ನಿಂತಳು. ನಮ್ಮ ಮನೆಯ ಎದುರಿನ ಬಯಲು ರಸ್ತೆಗೆ ಕೂಡುವಲ್ಲಿ ಅವಳ ಚಹಾದ ಅಂಗಡಿ.

"ಗದ್ದೆಮ್ಮ, ಖರೇ ಹೇಳು. ನಿನ್ನ ಮೊಮ್ಮಗಳು ಮುಂಜಾನೆದ್ದು ಆ ಮಷೀನಿಗೆ ಎಷ್ಟು ಸುತ್ತು ಹಾಕ್ತಾಳ?"

"ಮೂರು," ಎಂದೆ. ರೊಟ್ಟಿ ಸೀಯುತ್ತಿತ್ತು, ಕಾರಣ ಹೇಳುವ ಪುರುಸೊತ್ತಿರಲಿಲ್ಲ.

"ಅದಕ್ಕಾ ಮತ್ತ! ಇಂಥಾ ಮಾತು ಬಚ್ಚಿಡ್ತಾರೇನ್ ಬೇ? ನಮ್ಮ ಓಣ್ಯಾಗೂ ಲಗ್ನಕ್ಕ ಬಂದ ಹುಡುಗ್ಯಾರದಾರ," ಎಂದು ಬೈದು, ಬಂದಷ್ಟೇ ಅವಸರದಲ್ಲಿ ಹೋದಳು.

ಮಷೀನು ಅಂದರೆ ವಿಂಚು. ಕಂಬದಿಂದ ಕಂಬಕ್ಕೆ ಕೇಬಲ್ ಎಳೆಯುವ ಯಂತ್ರ. ಒಂದು ಎಂಜಿನ್ನು, ಒಂದು ದೊಡ್ಡ ಉರುಳೆ, ಉರುಳೆಗೆ ಸುತ್ತಿದ ಉಕ್ಕಿನ ಹಗ್ಗ, ಕೆಳಗೆ ಗಾಲಿ. ಮಸ್ಕಿಯಿಂದ ಲಿಂಗಸುಗೂರಿನ ಕಡೆಗೆ ಹೊಸ ಕೇಬಲ್ ಹಾಕುವ ಗುತ್ತಿಗೆಯವರು ಅದನ್ನು ನಮ್ಮ ಬಯಲಿನಲ್ಲಿ ತಂದಿಟ್ಟಿದ್ದರು. ಊರಿನಲ್ಲಿ ಬೇರೆಲ್ಲಿ ಇಟ್ಟರೂ ಯಾರಾದರೊಬ್ಬರು ತಕರಾರು ತೆಗೆಯುತ್ತಾರೆ. ನಮ್ಮ ಓಣಿಯಲ್ಲಿ ಏನು ತಂದಿಟ್ಟರೂ ಕೇಳುವವರಿಲ್ಲ ಎಂಬುದು ಊರಿಗೆ ಹಿಂದಿನಿಂದಲೂ ಗೊತ್ತಿರುವ ಸಂಗತಿ.

ಯಶೋಧರಾ ನನ್ನ ಮಗನ ಮಗಳು. ಲಿಂಗಸುಗೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಡಿಪ್ಲೊಮಾ ಮಾಡಿದವಳು. ಕೇಬಲ್ ಕೆಲಸಕ್ಕೆ ಸುರಕ್ಷತೆ ನೋಡಿಕೊಳ್ಳುವವರು ಒಬ್ಬರು ಇರಲೇಬೇಕೆಂದು ಗುತ್ತಿಗೆಯ ಕಾಗದದಲ್ಲಿ ಬರೆದಿತ್ತಂತೆ, ಅದಕ್ಕಾಗಿ ಇವಳನ್ನು ತೆಗೆದುಕೊಂಡರು. ಕಾಗದದಲ್ಲಿ ಇರಲಿ ಎಂದು ತೆಗೆದುಕೊಂಡವಳು ಬಯಲಿಗೂ ಬಂದುಬಿಟ್ಟಳು. ತೊಂದರೆ ಶುರುವಾದದ್ದು ಅಲ್ಲಿಂದ.

ದಿನಾ ಬೆಳಿಗ್ಗೆ ಎಂಜಿನ್ ಚಾಲೂ ಆಗುವ ಮೊದಲು ಅವಳು ವಿಂಚಿನ ಸುತ್ತ ಬರುತ್ತಾಳೆ. ಮೊದಲ ಸುತ್ತು ಬಗ್ಗಿಕೊಂಡು: ಗಾಲಿ ಉರುಳದಂತೆ ಕೊಟ್ಟ ಕಟ್ಟಿಗೆ ಗಟ್ಟಿಯಿದೆಯೇ, ಬೋಲ್ಟು ಸಡಿಲಾಗಿದೆಯೇ, ಎಣ್ಣೆ ಸೋರಿದೆಯೇ. ಎರಡನೆಯ ಸುತ್ತು ಹಗ್ಗಕ್ಕೆ. ಉಕ್ಕಿನ ಹಗ್ಗವನ್ನು ಬರಿಗೈಯಲ್ಲಿ ಸವರಬಾರದು. ಬಟ್ಟೆ ಹಿಡಿದು ಸವರಿದರೆ ಹರಿದ ಎಳೆ ಇದ್ದಲ್ಲಿ ಬಟ್ಟೆ ಸಿಕ್ಕಿಕೊಂಡು ತಾನೇ ಹೇಳುತ್ತದೆ. ಮೂರನೆಯ ಸುತ್ತಿನಲ್ಲಿ ಬ್ರೇಕು, ಕೊಕ್ಕೆ, ಬೆಲ್ಟಿನ ಮೇಲಿನ ಮುಚ್ಚಳ. ತಪ್ಪು ಕಂಡಲ್ಲಿ ಒಂದು ಕೆಂಪು ಬಟ್ಟೆಯ ಚೂರು ಕಟ್ಟುತ್ತಾಳೆ. ಕೊನೆಗೆ, ಕರೆಂಟು ಹರಿದರೆ ಭೂಮಿಗೆ ಇಳಿಯಲೆಂದು ನೆಲದಲ್ಲಿ ಹೂತ ಕಬ್ಬಿಣದ ಸಲಾಕೆಗೆ ಒಂದು ಚೆಂಬು ನೀರು ಹೊಯ್ಯುತ್ತಾಳೆ. ನೆಲ ಒಣಗಿದ್ದರೆ ಆ ಸಲಾಕೆ ಇದ್ದೂ ಇಲ್ಲದಂತೆ.

ಈಗ ಊರಿನ ಕಣ್ಣಿನಿಂದ ನೋಡಿರಿ. ಮದುವೆಯಾಗದ ಹುಡುಗಿ, ಮೈತೊಳೆದುಕೊಂಡು ಬಂದವಳು, ಮೂರು ಸುತ್ತು, ಕೆಂಪು ಬಟ್ಟೆ, ನೆಟ್ಟ ಸಲಾಕೆಗೆ ನೀರು. ಇದರ ಮೇಲೆ, ಅದೇ ತಿಂಗಳು ಸಾಲಗುಂದದ ಮಲ್ಲೇಶನ ಜೊತೆ ಅವಳ ಮದುವೆ ಗೊತ್ತಾಯಿತು. ಹುಡುಗ ಸಿಂಧನೂರಿನಲ್ಲಿ ಮೇಷ್ಟ್ರು. ಅವರ ಮನೆಯವರು ಮಾತೆತ್ತಿದ್ದು ವಿಂಚು ಬರುವುದಕ್ಕಿಂತ ಮೊದಲು. ಆದರೆ ಅದನ್ನು ಕೇಳುವವರು ಯಾರು?

ಮರುದಿನದಿಂದ ಮೇಲಿನ ಓಣಿಯ ಹುಡುಗಿಯರು ಬರತೊಡಗಿದರು. ನಮ್ಮ ಓಣಿಯ ನೀರು ಮುಟ್ಟಲೂ ಯೋಚಿಸುತ್ತಿದ್ದವರ ಮೊಮ್ಮಕ್ಕಳು ನಸುಕಿನಲ್ಲೇ ಬಂದು ಚಪ್ಪಲಿ ಕಳಚಿ ನಿಲ್ಲುತ್ತಿದ್ದರು. ಬುದ್ಧನಿಗೆ ಕೈಮುಗಿಯುವ ನಮ್ಮ ಹುಡುಗಿ ಕಕ್ಕಾಬಿಕ್ಕಿಯಾದಳು.

"ಇದು ಪೂಜಿ ಅಲ್ರಿ, ಚೆಕಿಂಗ್," ಎಂದಳು.

ಪಕೀರಮ್ಮ ಉಳಿದವರಿಗೆ ಮೆಲ್ಲಗೆ ತಿಳಿಸಿ ಹೇಳಿದಳು: "ಹೆಸರು ಹೇಳಬಾರದಂತ. ಚೆಕಿಂಗ್ ಅಂತನಾ ಅನ್ನಬೇಕಂತ."

ವಿಂಚಿನ ಸುತ್ತ ಯಶೋಧರಾ ಮೊದಲೇ ಒಂದು ಹಗ್ಗ ಕಟ್ಟಿಸಿದ್ದಳು. ಯಂತ್ರ ನಡೆಯುವಾಗ ಒಳಗೆ ಬರಬಾರದು ಎಂಬ ಹಲಗೆಯೂ ತೂಗುತ್ತಿತ್ತು. ನಾನು ಇಳಿವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು, ಕಂಡದ್ದನ್ನೆಲ್ಲ ಓದುವ ಚಟ. ಓದಿದವಳು ನಾನೊಬ್ಬಳೇ ಇರಬೇಕು. ಉಳಿದವರು ಆ ಹಗ್ಗ ದಾಟಿ ಆಡು ಹೊಡೆದುಕೊಂಡು ಹೋಗುತ್ತಿದ್ದರು. ಬೇಜಾರು ಮಾಡಿಕೊಳ್ಳಬೇಡ ಎಂದು ಮೊಮ್ಮಗಳಿಗೆ ಹೇಳಿದ್ದೆ. ನಮ್ಮೂರ ಗುಡ್ಡದ ಬಂಡೆಯ ಮೇಲೆ ಅಶೋಕ ರಾಜ ಬರೆಸಿದ್ದನ್ನು ಓದುವವರು ಬರಲು ಎರಡು ಸಾವಿರ ವರ್ಷ ಹಿಡಿಯಿತು, ನಿನ್ನ ಹಲಗೆಗೆ ಏನವಸರ ಎಂದಿದ್ದೆ. ಈಗ ನೋಡಿದರೆ ಎಂಜಿನ್ ಗುಡುಗುಟ್ಟಿದೊಡನೆ ಹುಡುಗಿಯರು ತಾವಾಗಿ ಹಗ್ಗದ ಆಚೆ ಸರಿಯುತ್ತಿದ್ದರು. ಹಲಗೆಯಿಂದ ಆಗದ್ದು ಮಡಿಯಿಂದ ಆಯಿತು.

ಓಡಿಸಿದರೂ ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಯಶೋಧರಾ ಒಂದು ಕಟ್ಟಳೆ ಮಾಡಿದಳು. "ಸುಮ್ನ ಸುತ್ತಬ್ಯಾಡ್ರಿ. ನೋಡಿ ಸುತ್ರಿ."

ಅವರು ನೋಡಿಯೇ ಸುತ್ತಿದರು. ಗಾಲಿಯ ಹತ್ತಿರ ಒಂದು ಬೋಲ್ಟು ಬಿದ್ದುಹೋದದ್ದನ್ನು ಮೊದಲು ಕಂಡವಳು ಉಮಾದೇವಿ. "ಯಕ್ಕಾ, ನಿನ್ನಿ ಇಲ್ಲೊಂದು ಇತ್ತು, ಇವತ್ತಿಲ್ಲ," ಎಂದಳು. ಉಮಾದೇವಿ ಮೇಸ್ತ್ರಿ ಯಂಕೋಬನ ಮಗಳು.

ಯಂಕೋಬನ ಮಾತು ಈಗ ಹೇಳಬೇಕು. ಆ ಕೆಲಸಕ್ಕೆಲ್ಲ ಅವನೇ ಮೇಸ್ತ್ರಿ. ಲಿಂಗಸುಗೂರಿನ ಆಫೀಸಿಗೆ ಏನು ಬೇಕೆಂದರೂ ಅವನ ಸಹಿ, ಅವನ ರಬ್ಬರ್ ಸಿಕ್ಕಾ ಬಿದ್ದ ಕಾಗದವೇ ಹೋಗಬೇಕು. ಫೋನಿನ ಫೋಟೊ ನಡೆಯುವುದಿಲ್ಲ. ವಿಂಚಿನ ಬ್ರೇಕಿನ ಪಟ್ಟಿ ಸೀಳು ಬಿಟ್ಟದ್ದನ್ನು ಯಶೋಧರಾ ಮೊದಲ ವಾರದಲ್ಲೇ ಕಂಡು ಕಾಗದ ಬರೆದಳು. ಹೊಸ ಪಟ್ಟಿ ಬರುವ ತನಕ ವಿಂಚು ನಡೆಸಬಾರದು ಎಂದು ಬರೆದಿದ್ದಳು. ಯಂಕೋಬ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಅಂಗಿಯ ಜೊತೆ ಅದೂ ಒಗೆತಕ್ಕೆ ಹೋಗಿ ಹಿಟ್ಟಾಯಿತು. ಅವಳು ಮತ್ತೊಂದು ಬರೆದಳು. ನಾನು ಓದಿ ನೋಡಿದೆ, ಒತ್ತಕ್ಷರಗಳೆಲ್ಲ ಸರಿಯಿದ್ದವು. ಅದೂ ಜೇಬು ಸೇರಿತು. ಕೇಳಿದಾಗಲೆಲ್ಲ "ನಾಳಿ ಕಳಸ್ತೀನಿ" ಎನ್ನುತ್ತ ಜೇಬು ತಟ್ಟಿಕೊಳ್ಳುತ್ತಿದ್ದ, ಒಳಗೆ ಭದ್ರವಾಗಿದೆ ಎಂದು ತೋರಿಸುವವನ ಹಾಗೆ.

ಅಷ್ಟರಲ್ಲಿ ಕೇಬಲ್ಲನ್ನು ಕಾಲುವೆ ದಾಟಿಸುವ ದಿನ ಹತ್ತಿರ ಬಂತು. ಅಲ್ಲಿ ಕಂಬಗಳ ನಡುವೆ ದೂರ ಹೆಚ್ಚು. ಕೇಬಲ್ಲಿನ ಭಾರವೆಲ್ಲ ವಿಂಚಿನ ಮೇಲೆಯೇ ಬೀಳುತ್ತದೆ. ಹಿಂದಿನ ಸಂಜೆ ಪಕೀರಮ್ಮನ ಅಂಗಡಿಯ ಮುಂದೆ ಮಾತು ನಡೆಯಿತು. ನಾನು ಚಹಾಕ್ಕೆ ಹಾಲು ಕೊಡಲು ಹೋದವಳು ಅಲ್ಲೇ ಕುಳಿತಿದ್ದೆ.

"ಯಂಕೋಬಣ್ಣ, ಕಾಲುವಿ ಮ್ಯಾಗ ಕೇಬಲ್ ಜೋತಾಡೋ ಹೊತ್ತಿಗೆ ಬ್ರೇಕ್ ಬಿಟ್ಟುಕೊಟ್ರ ಉರುಳಿ ಹಿಂದಕ್ಕ ತಿರುಗತೈತ್ರಿ. ಕಂಬದ ಮ್ಯಾಗ ಕನಕರಾಯ ಮಾವ ಇರ್ತಾನ. ಅವನ್ನ ಎಳಕೊಂಡಾ ಬೀಳತೈತಿ," ಎಂದಳು ಯಶೋಧರಾ.

"ಇಲ್ಲೀತನ ಬಿಟ್ಟುಕೊಟ್ಟೈತೇನು?"

"ಇಲ್ರಿ."

"ಮತ್ತ? ಬಿಟ್ಟಾಗ ಹೇಳು."

ಕಂಬ ಹತ್ತುವ ಕನಕರಾಯ ಪಕ್ಕದಲ್ಲೇ ಬಸಿಗೆ ಸುರಿದುಕೊಂಡು ಚಹಾ ಕುಡಿಯುತ್ತಿದ್ದ. "ಮೇಡಂಗ್ಯಾಕ ತ್ರಾಸು ಕೊಡ್ತೀರಿ? ಬಿದ್ದ ಮ್ಯಾಲ ನಾನಾ ಬಂದು ಹೇಳ್ತೀನಿ," ಎಂದ. ನಗಲಿಲ್ಲ.

"ನೋಡವ್ವ, ಕಾಗದ ಹೋದ್ರ ಮಷೀನ್ ನಿಲ್ತೈತಿ. ಮಷೀನ್ ನಿಂತ್ರ ನನ್ನ ನೌಕರಿ ನಿಲ್ತೈತಿ," ಎಂದ ಯಂಕೋಬ. "ನಾಳಿ ಮಷೀನ್ ಸರಿ ಐತಿ ಅಂತ ನೀ ಸಹಿ ಮಾಡು."

"ಮಾಡಂಗಿಲ್ರಿ."

"ಹಂಗಾರ ನಾಡದ್ದರಿಂದ ಬರಬ್ಯಾಡ. ನಿನ್ನ ಸಹಿ ನಾನಾ ಮಾಡ್ಕೋತೀನಿ. ಹೆಂಗೂ ನಿಂದು ಲಗ್ನ ಐತಿ, ಬ್ರೇಕ್ ಕಟಗೊಂಡು ಏನ್ ಮಾಡ್ತಿ?"

ಎದ್ದು ಹೋಗುವಾಗ ನನ್ನ ಕಡೆ ತಿರುಗಿದ. "ಅಜ್ಜಿ, ಒಂದು ಕೇಳ್ತೀನಿ. ಶುಕ್ರವಾರ ಮುಕ್ಕುಂದದೋರು ನಮ್ಮ ಉಮಾದೇವಿನ್ನ ನೋಡಾಕ ಬರಾಕತ್ಯಾರ. ಸುತ್ತು ಅಲ್ಲೀತನ ಹಾಕಿದ್ರ ಸಾಕೋ, ಆಮ್ಯಾಲೂ ಹಾಕಬೇಕೋ?"

ಕಟ್ಟಿದ ಕೆಂಪು ಬಟ್ಟೆಯನ್ನು ಬಿಟ್ಟು ಸುತ್ತುವುದನ್ನು ಮಾತ್ರ ನಂಬಿದ ಮನುಷ್ಯನಿಗೆ ನಾನೇನು ಹೇಳಲಿ. "ನನಗ ಗೊತ್ತಿಲ್ಲಪ," ಎಂದೆ.

ಮರುದಿನ ಬೆಳಿಗ್ಗೆ ಯಶೋಧರಾ ಕೆಲಸ ಹೋಗುವುದು ಗೊತ್ತಿದ್ದೂ ಎಂದಿನಂತೆ ಹೋದಳು. ಬ್ರೇಕಿನ ಹತ್ತಿರ ಇದ್ದ ಚೂರು ಬಿಚ್ಚಿ, ನನ್ನ ಹಳೆಯ ಕೆಂಪು ಸೀರೆಯ ಸೆರಗನ್ನೇ ಹರಿದು ಕಟ್ಟಿದಳು. ರಸ್ತೆಯ ತನಕ ಕಾಣಬೇಕು ಎಂದಳು. ಕಾಲುವೆಯ ಕಡೆ ವಿಂಚನ್ನು ಎಳೆದೊಯ್ಯಲು ಟ್ರ್ಯಾಕ್ಟರ್ ಬಂದು ನಿಂತಿತ್ತು. ಹುಡುಗಿಯರು ಸುತ್ತುತ್ತಿದ್ದರು. ಪಕೀರಮ್ಮ ನಿಂಬೆಹಣ್ಣಿನ ಸರ ಹಿಡಿದು ಬಂದು, ಎಲ್ಲಕ್ಕಿಂತ ದೊಡ್ಡ ಬಟ್ಟೆ ಇದ್ದಲ್ಲಿಯೇ ಕಟ್ಟೋಣವೆಂದು ಬಗ್ಗಿದಳು.

"ಇಲ್ಯಾಕವ್ವ ಇಷ್ಟು ದೊಡ್ಡದು ಕಟ್ಟೀದಿ? ಯಾವ ಹರಕಿ ಇದು?"

ಯಶೋಧರಾ ಉರುಳೆಯ ಸಂದಿಗೆ ಫೋನಿನ ಬೆಳಕು ಹಿಡಿದು ತೋರಿಸಿದಳು. ಪಟ್ಟಿಯ ಅಡ್ಡಕ್ಕೆ ಹೆಬ್ಬೆರಳ ಉಗುರು ಇಳಿಯುವಷ್ಟು ಸೀಳು.

ಪಕೀರಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಯವ್ವಾ! ಭಿನ್ನ ಆಗೈತಿ!"

ಸುತ್ತುತ್ತಿದ್ದವರೆಲ್ಲ ನಿಂತಲ್ಲೇ ನಿಂತರು. ಭಿನ್ನವಾದದ್ದನ್ನು ಪೂಜಿಸುವುದು ಎಲ್ಲಿಯಾದರೂ ಉಂಟೇ? ಕಲ್ಲಿನ ಮೂರ್ತಿಯ ಬೆರಳು ಮುಕ್ಕಾದರೂ ಹೊಳೆಗೆ ಬಿಡುತ್ತಾರೆ. ಗಾಜು ಒಡೆದ ಪಟವನ್ನೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಉಮಾದೇವಿಯ ಮುಖ ಸಪ್ಪಗಾಯಿತು.

"ಅಪ್ಪಾ!" ಎಂದು ಕೂಗಿದಳು. ಟ್ರ್ಯಾಕ್ಟರಿನ ಹತ್ತಿರವಿದ್ದ ಯಂಕೋಬ ಓಡಿಬಂದ.

"ಯಾವಾಗ ಸೀಳ್ತು ಇದು?"

"ನಾ ಮೊದಲ್ನೇ ಕಾಗದ ಬರೆಯೋಕಿಂತ ಮೊದಲ್ರಿ," ಎಂದಳು ಯಶೋಧರಾ.

"ಅಂದ್ರ ನಾ ಸುತ್ತಾಕ ಬಂದಾಗ್ಲೂ ಸೀಳಿತ್ತಾ ಯಕ್ಕಾ?" ಉಮಾದೇವಿಯ ಕಣ್ಣಲ್ಲಿ ನೀರು.

"ಹೂಂ, ಸೀಳಿತ್ತು."

ಪಕೀರಮ್ಮ ಸೊಂಟದ ಮೇಲೆ ಕೈಯಿಟ್ಟು ಯಂಕೋಬನ ಕಡೆ ತಿರುಗಿದಳು. "ಹೆತ್ತ ಮಗಳ ಕೈಲೆ ಮುರುಕಿಗೆ ಸುತ್ತು ಹಾಕಿಸೀದೆಲ್ಲೋ! ಶುಕ್ರವಾರ ಮುಕ್ಕುಂದದೋರು ಬರೋರು. ನಿನ್ನ ಬುದ್ಧಿಗೆ ಮಣ್ಣಾಕ!"

ಯಂಕೋಬ ಯಶೋಧರಾಳನ್ನು ನೋಡಿದ. "ನೀನರ ಹೇಳಬೇಕಿಲ್ಲೇನವ್ವ?"

"ಹೇಳೀನ್ರಿ. ಬ್ರೇಕಿನ ಮಾತು ಅಂತ ನೀವು ಕಿವೀಗೆ ಹಾಕ್ಕೊಳ್ಳಲಿಲ್ಲ."

"ಈಗ ಪರಿಹಾರ?" ಅವನು ಕೇಳಿದ್ದು ಪಕೀರಮ್ಮನನ್ನು. ಪಕೀರಮ್ಮ ನೋಡಿದ್ದು ಯಶೋಧರಾಳನ್ನು. ಯಶೋಧರಾ ನನ್ನ ಮುಖ ನೋಡಿದಳು.

ಅವಳ ಕಷ್ಟ ನನಗೆ ತಿಳಿಯಿತು. ಇದು ದೇವರಲ್ಲ, ಬರೀ ಕಬ್ಬಿಣ ಎಂದು ಒಂದು ಮಾತು ಅಂದರೆ ಸಾಕು, ಯಂಕೋಬ ನಿಟ್ಟುಸಿರುಬಿಟ್ಟು ವಿಂಚನ್ನು ಕಾಲುವೆಗೆ ಒಯ್ಯುತ್ತಿದ್ದ. ಕನಕರಾಯ ಆಗಲೇ ಸೊಂಟಕ್ಕೆ ಬೆಲ್ಟು ಬಿಗಿದು ನಿಂತಿದ್ದ. ದೇವರು ಎಂದರೆ ಅವಳ ಬಾಯಿಗೆ ಅದು ಸುಳ್ಳು. ನಾನು ತಲೆ ಹಾಕಲಿಲ್ಲ. ಕೂಸು ಓದಿದ್ದಾಳೆ, ತಾನೇ ದಾರಿ ಹುಡುಕಲಿ ಎಂದುಕೊಂಡೆ.

ಅವಳು ನಿಧಾನವಾಗಿ ಹೇಳಿದಳು. "ಪೂಜಿ ವಿಚಾರ ನನಗ ಗೊತ್ತಿಲ್ರಿ. ಹಳೀ ಪಟ್ಟಿ ತಗದು ಹೊಸಾದು ಹಾಕಬೇಕು. ಅಲ್ಲೀತನ ಮಷೀನ್ ಚಾಲೂ ಮಾಡಬಾರದು. ಹಾಕಿದ ಮ್ಯಾಲ ಭಾರ ಕಟ್ಟಿ ಎತ್ತಿ, ಬ್ರೇಕ್ ಹಿಡಿತೈತಾ ಅಂತ ನೋಡಬೇಕು. ಕಾಗದದಾಗ ಇದ್ದದ್ದಾ ಹೇಳಾಕತ್ತೀನಿ, ಒಂದಕ್ಷರ ಹೆಚ್ಚಿಲ್ಲ."

"ಕೇಳಿದ್ರಾ?" ಪಕೀರಮ್ಮ ಬಯಲಿಗೆಲ್ಲ ಸಾರಿದಳು. "ಚಾಲೂ ಮಾಡಬಾರದಂತ!"

ಟ್ರ್ಯಾಕ್ಟರಿನವನು ಕೊಂಡಿ ಕಳಚಿದ. ಕನಕರಾಯ ಬೆಲ್ಟು ಬಿಚ್ಚಿ ಕಂಬಕ್ಕೆ ಒರಗಿ ಕುಳಿತು, "ಉಮಾದೇವಿ, ನಿನಗ ಚಲೋ ಗಂಡ ಸಿಗಲವ್ವ. ನಿನ್ನ ಲಗ್ನದಾಗ ನನ್ನ ಜೀವ ಐತಿ," ಎಂದ. ಈ ಸಲ ನಕ್ಕ.

ಯಂಕೋಬ ಜೇಬಿನಿಂದ ಕಾಗದ ತೆಗೆದ. ಬೆವರಿಗೆ ಮೆತ್ತಗಾಗಿತ್ತು, ಅಕ್ಷರ ಅಳಿದಿರಲಿಲ್ಲ. ಬೈಕಿನ ಡಬ್ಬಿಯಲ್ಲಿ ಸಿಕ್ಕಾ ಇತ್ತು, ಅದರ ಶಾಯಿ ಎಂದೋ ಒಣಗಿತ್ತು. ಪಕೀರಮ್ಮ ನಾಲ್ಕು ಹನಿ ನೀರು ಚಿಮುಕಿಸಿದಳು. ಸಹಿಯಾಯಿತು, ಸಿಕ್ಕಾ ಬಿತ್ತು. ಲಕೋಟೆಗೆ ಹಾಕಿದ ಮೇಲೆ ಅವಳೇ ಲಕೋಟೆಯನ್ನು ಇಸಿದುಕೊಂಡು, ಶುಭಕಾರ್ಯದ ಕಾಗದ ಹಂಗೇ ಹೋಗಬಾರದೆಂದು ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದಳು.

ನಾನು ಮೊಮ್ಮಗಳ ಕಡೆ ನೋಡಿದೆ.

"ಹಚ್ಚಲಿ ಬಿಡು ಆಯಿ," ಎಂದಳು. "ಸಿಕ್ಕಾ ಬಿದ್ದೈತಲ್ಲ."

ಲಿಂಗಸುಗೂರಿನ ಬಸ್ಸು ಆಗಲೇ ಹಾರ್ನ್ ಹೊಡೆಯುತ್ತ ಬಂತು. ಯಂಕೋಬ ರಸ್ತೆಯ ನಡುವೆ ಕೈಚಾಚಿ ನಿಂತು ಅದನ್ನು ತಡೆದ. ಆಫೀಸಿನವರು ಬಸ್‌ಸ್ಟ್ಯಾಂಡಿಗೆ ಬಂದು ಇಸಿದುಕೊಳ್ಳುತ್ತಾರೆ ಎಂದು ಹೇಳಿ ಲಕೋಟೆಯನ್ನು ಕಂಡಕ್ಟರನ ಕೈಗಿಟ್ಟ.

ಕಂಡಕ್ಟರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಯಾರದ್ರಿ ಲಗ್ನ?"

"ಹಂಗಾ ತಿಳಕೋ ತಮ್ಮಾ," ಎಂದ ಯಂಕೋಬ. "ಒಂದಾ ಮಾತು. ಜೇಬಿನಾಗ ಇಟಗೋಬ್ಯಾಡ, ಮರತುಬಿಡ್ತಿ."

ಕಂಡಕ್ಟರ್ ಅದನ್ನು ಡ್ರೈವರನ ಮುಂದಿನ ಗಾಜಿಗೆ ಒರಗಿಸಿಟ್ಟು ಸೀಟಿ ಊದಿದ. ಅರಿಶಿನದ ಮೂಲೆಗಳು ರಸ್ತೆಯ ತಿರುವಿನ ತನಕ ಕಾಣುತ್ತಿದ್ದವು.