ದೇವಾನಂದನ ದೋಣಿಯ ಕರಿ ಹೊಗೆ

ಐದನೇ ಸಲ ಹ್ಯಾಂಡಲ್ ತಿರುಗಿಸಿದಾಗಲೂ ಅದೇ ಆಯಿತು. ಎಂಜಿನ್ ನಾಲ್ಕು ಸಲ ಢಗ್ ಢಗ್ ಅಂದಿತು, ಕೊಳವೆಯಿಂದ ಕರಿ ಹೊಗೆ ಕಾರಿತು, ನಿಂತಿತು. ನನ್ನ ಮಗ ದೇವಾನಂದನ ಮುಖಕ್ಕೆಲ್ಲ ಮಸಿ.

ಮಳೆಗಾಲ ಕಳೆದು ನಮ್ಮೂರು ಅವರ್ಸಾದಿಂದ ದೋಣಿ ಹೊರಡುವ ಮೊದಲ ದಿನ. ಒಂಬತ್ತು ಗಂಟೆಯೊಳಗೆ, ಹೊಳೆ ಕಡಲು ಸೇರುವ ಹೊಳೆಬಾಯಿ ದಾಟಬೇಕು. ಆಮೇಲೆ ನೀರು ಇಳಿದು ದೋಣಿಯ ಅಡಿ ಮರಳಿಗೆ ಕೂರುತ್ತದೆ. ಸಿಗಡಿ ದಡದ ಹತ್ತಿರವೇ ಬಂದಿದೆಯೆಂದು ಉಳಿದವರೆಲ್ಲ ಆಗಲೇ ಹೋಗಿದ್ದರು.

ಕಾರವಾರದ ಮೆಕ್ಯಾನಿಕ್ ಸೂರಜ್ ಬಂದವನೇ ಡೀಸೆಲ್ ಚಿಮ್ಮಿಸುವ ನೋಝಲ್ ಹೋಗಿದೆ ಎಂದ. ಬಿಚ್ಚಿ, ಒರೆಸಿ, ಹಾಕಿದ. ಕರಿ ಹೊಗೆ. ಡೀಸೆಲ್ ಸರಿಯಿಲ್ಲ ಎಂದ. ಬೇರೆ ಡೀಸೆಲ್ ಹಾಕಿದ್ದಾಯಿತು. ಕರಿ ಹೊಗೆ. ನನ್ನ ಮೈದುನ ಮಾಸ್ತಿ ಮಾತ್ರ ದಡದಲ್ಲಿ ಕುಳಿತು, “ನೀರು ಹೊಕ್ಕಿದೆ, ನೀರು ಹೊಕ್ಕಿದೆ” ಅನ್ನುತ್ತಲೇ ಇದ್ದ.

“ನೀರು ಹೊಕ್ಕರೆ ಬಿಳಿ ಹೊಗೆ ಬರ್ತದೆ ಮಾಸ್ತಿ. ಆಯಿಲ್ ಸುಟ್ಟರೆ ನೀಲಿ. ಕರಿ ಅಂದ್ರೆ ಗಾಳಿ ಸಾಲೂದಿಲ್ಲ. ಪುಸ್ತಕದಲ್ಲೇ ಉಂಟು,” ಎಂದೆ ನಾನು.

“ವೈನಿ, ರಾತ್ರಿ ಶಾಲೇಲಿ ಎಂಜಿನ್ನೂ ಕಲಿಸಿದ್ರಾ?” ಎಂದು ಮಾಸ್ತಿ ಅತ್ತಿಗೆಯನ್ನು ಕೆಣಕಿದ.

ಕಲಿಸಿದ್ದು ಅಕ್ಷರ, ಅದೂ ಐವತ್ತೆರಡನೇ ವಯಸ್ಸಿಗೆ. ಎಂಜಿನ್ನಿನ ಜೊತೆ ಬಂದ ಪುಸ್ತಕವನ್ನು ಮನೆಯಲ್ಲಿ ಓದಿದವಳು ನಾನೊಬ್ಬಳೇ. ಉಳಿದವರು ಅದರ ಮೇಲೆ ಚಹಾ ಲೋಟ ಇಡುತ್ತಾರೆ.

“ಏರ್ ಫಿಲ್ಟರ್ ನೋಡೋ, ಸೂರಜ್.”

“ಮೊನ್ನೆ ನಾನೇ ತೊಳೆದು ಕೂರಿಸಿದ್ದು ಆಯಿ. ಒಂದೇ ಸಲಕ್ಕೆ ಸ್ಟಾರ್ಟ್ ಆಗಿತ್ತು.” ಮಗನ ಹಾಗೆ ಅವನೂ ನನ್ನನ್ನು ಆಯಿ ಎಂದೇ ಕರೆಯುತ್ತಾನೆ.

“ಇನ್ನೊಮ್ಮೆ ನೋಡಿದ್ರೆ ಸವೆದು ಹೋಗ್ತದಾ?”

ಅವನು ದೇವಾನಂದನ ಕಡೆ ತಿರುಗಿದ. “ಎಂಜಿನ್ ಕಾರವಾರಕ್ಕೆ ಒಯ್ಯಬೇಕು. ಪೂರಾ ಬಿಚ್ಚಿ ನೋಡ್ಬೇಕು. ನಾಲ್ಕು ದಿನ.”

ದೇವಾನಂದ ತಲೆಯ ಮೇಲೆ ಕೈ ಹೊತ್ತು ಕುಳಿತ. ನೀರು ಆಗಲೇ ಒಂದು ಗೇಣು ಇಳಿದಿತ್ತು.

ಇನ್ನು ಇವರ ಹತ್ತಿರ ಹೇಳಿ ಪ್ರಯೋಜನವಿಲ್ಲವೆಂದು ಸೀರೆ ಎತ್ತಿಕಟ್ಟಿ ನಾನೇ ದೋಣಿ ಹತ್ತಿದೆ. ಬಗ್ಗಿದರೆ ಕಂಡದ್ದು ದೇವಿಯ ಕೆಂಪು ವಸ್ತ್ರ. ಮೊದಲ ಸಲ ಹೊರಡುವ ಮುನ್ನ ನಮ್ಮ ಮನೆಯಲ್ಲಿ ಕಾಯಿ ಒಡೆದು ಎಂಜಿನ್ನಿಗೆ ಅದನ್ನು ಕಟ್ಟುತ್ತೇವೆ. ಮೊದಲ ಮೀನು ಮನೆಗೆ ಬರುವವರೆಗೆ ಯಾರೂ ಮುಟ್ಟುವಂತಿಲ್ಲ. ಯಾರೂ ಮುಟ್ಟಿರಲಿಲ್ಲ. ಸುತ್ತಲಿನ ನಟ್ಟುಗಳನ್ನೆಲ್ಲ ಬಿಚ್ಚಿದ ಸೂರಜ್ ಕೂಡ. ವಸ್ತ್ರ ಜಾರಿ, ಫಿಲ್ಟರಿನ ಬಾಯಿಗೆ ಒಳಗಿನಿಂದ ಎಳೆದುಕೊಂಡ ಹಾಗೆ ಅಂಟಿಕೊಂಡಿತ್ತು.

“ಬನ್ನಿ ಜಾಣರೇ, ನೋಡಿ.”

“ದೇವರದ್ದು ಅಂತ ಬಿಟ್ಟೆ ಆಯಿ,” ಎಂದ ಸೂರಜ್.

“ಎಂಜಿನ್ನಿನ ಉಸಿರು ಕಟ್ಟಿಸು ಅಂತ ದೇವಿ ಅಂದಿದ್ಲಾ?”

ದೇವಾನಂದ ಮೆಲ್ಲಗೆ ಕೇಳಿದ: “ಇಷ್ಟು ಕೆಳಗೆ ಕಟ್ಟಿದ್ದು ಯಾರು, ಆಯಿ?”

ಭುಜ ನೋಯುತ್ತದೆಂದು ನಿನ್ನೆ ಸಂಜೆ ಕೈಗೆ ಎಟುಕಿದಲ್ಲಿ ಗಂಟು ಹಾಕಿದವಳು ನಾನೇ.

“ಪುಸ್ತಕದಲ್ಲಿ ಅದು ಬರೆದಿರಲಿಲ್ವಾ, ವೈನಿ?” ಮಾಸ್ತಿ ದಡದಿಂದಲೇ ಕೂಗಿದ.

“ಕಟ್ಟಿದ್ದೂ ನಾನೇ, ಬಿಚ್ಚೋದೂ ನಾನೇ. ದೇವಿ ಕೇಳಿದ್ರೆ ನನ್ನ ಹೆಸರು ಹೇಳಿ!” ಎಂದು ವಸ್ತ್ರವನ್ನು ದೋಣಿಯ ಮುಂದಿನ ಗೂಟಕ್ಕೆ ಕಟ್ಟಿದೆ.

ಹ್ಯಾಂಡಲ್ ತಿರುಗಿತು. ಒಂದು ಉಂಡೆ ಕರಿ ಹೊಗೆ ಬಂತು, ಹಿಂದೆಯೇ ತೆಳ್ಳಗಾಯಿತು, ಎಂಜಿನ್ ಓಡತೊಡಗಿತು. “ಇಳಿ ಆಯಿ, ಇಳಿ, ನೀರು ನಿಲ್ಲೂದಿಲ್ಲ!” ಎಂದು ದೇವಾನಂದ ನನ್ನನ್ನು ಸೊಂಟಮಟ್ಟದ ನೀರಿಗೆ ಇಳಿಸಿಯೇ ಬಿಟ್ಟ.

ಹೊಳೆಬಾಯಿಯಲ್ಲಿ ದೋಣಿಯ ಅಡಿ ಒಮ್ಮೆ ಮರಳನ್ನು ಕೆರೆಯಿತು. ಒದ್ದೆ ಸೀರೆಯಲ್ಲಿ ನಿಂತು ನಾನು ಹೊಗೆಯನ್ನೇ ನೋಡುತ್ತಿದ್ದೆ. ಅದು ಕರಿಯಾಗಲಿಲ್ಲ. ದೋಣಿ ದಾಟಿತು.