ಹಳದಿ ಚೀಟಿಯ ಸಹಿ

ಬಣ್ಣದ ಕಾರ್ಖಾನೆಗೆ ಮಾಲೀಕರ ಅಳಿಯ ಮ್ಯಾನೇಜರಾಗಿ ಬಂದು ಹದಿನೆಂಟು ದಿನವಾಗಿತ್ತು. ಅಷ್ಟರಲ್ಲೇ ಅವರಿಗೆ ತಿಳಿಯದ್ದು ಏನೂ ಉಳಿದಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ‘ಅಳಿಯದೇವರು’ ಅನ್ನುತ್ತಿದ್ದರು. ಒಮ್ಮೆ ಅದು ಕಿವಿಗೆ ಬಿದ್ದಾಗ ಅವರು ಕಾಲರ್ ಸರಿಮಾಡಿಕೊಂಡಿದ್ದರು.

ಅಂದು ಬೆಳಿಗ್ಗೆ, ಬಣ್ಣಕ್ಕೆ ಬೆರೆಸುವ, ಬೇಗ ಬೆಂಕಿ ಹಿಡಿಯುವ ತಿನ್ನರ್ ಇಡುವ ಕೋಣೆಯಲ್ಲಿ, ಯಂತ್ರ ನೋಡಿಕೊಳ್ಳುವ ಫಿಟ್ಟರಮ್ಮ ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರವನ್ನು ಪರೀಕ್ಷಿಸುತ್ತಿದ್ದಳು. ಕಾಲಲ್ಲಿ ಪೆಡಲ್ ತುಳಿದರೆ ಗಾಳಿ ನುಗ್ಗಿ ಕೋಲು ಇಳಿಯುತ್ತಿತ್ತು. ಬಿಟ್ಟರೆ ವಾಲ್ವು ತನ್ನ ತೂತಿನಿಂದ ‘ಪುಸ್ಸ್’ ಎಂದು ಗಾಳಿ ಹೊರಹಾಕಿ ಕೋಲು ಮೇಲೇಳುತ್ತಿತ್ತು.

“ಏನಮ್ಮ, ಗಾಳಿ ಸೋರ್ತಿದ್ರೂ ನೋಡ್ಕೊಂಡು ನಿಂತಿದೀಯಲ್ಲ?” ಎಂದು ಒಳಬಂದ ಅಳಿಯದೇವರು ಗದರಿದರು.

“ಸೋರ್ತಿಲ್ಲ ಸಾರ್, ಉಸಿರು ಬಿಡ್ತಿದೆ. ಒಳಗೆ ಹೋದ ಗಾಳಿ ಹೊರಗೆ ಬಂದ್ರೆ ತಾನೇ ಕೋಲು ಏಳೋದು?”

“ನಂಗೇ ಪಾಠಾನಾ? ಮಧ್ಯಾಹ್ನ ಮಾವನವರು ಗಿರಾಕಿಗಳನ್ನ ಕರ್ಕೊಂಡು ಬರ್ತಾರೆ. ನಾನು ಮಾತಾಡೋವಾಗ ಇದು ಪುಸ್ ಪುಸ್ ಅಂತಿರ್ಬೇಕಾ? ಆ ತೂತು ಮುಚ್ಚು.”

“ನಾನು ಮುಚ್ಚಲ್ಲ ಸಾರ್.”

“ಹಂಗಾದ್ರೆ ಯಂತ್ರ ಒಂದ್ಸಲ ನಿಂತ್ರೂ ನಾಳೆಯಿಂದ ನೀನು ಬರ್ಬೇಡ.”

ಅಳಿಯದೇವರೇ ಅಂಗಿಯ ತೋಳು ಮಡಚಿ ಹಿತ್ತಾಳೆಯ ಬಿರಡೆಯನ್ನು ತೂತಿಗೆ ತಿರುಗಿಸಿ ಬಿಗಿದರು. ಮಾಲೀಕರು ಫಿಟ್ಟರಾಗಿದ್ದ ಕಾಲದಿಂದಲೂ ಅಲ್ಲೊಂದು ಕಟ್ಟಳೆ: ಯಂತ್ರವನ್ನು ಯಾರೇ ಮುಟ್ಟಲಿ, ಹಳದಿ ಚೀಟಿಗೆ ಸಹಿ ಹಾಕಿ ಅಲ್ಲೇ ಕಟ್ಟಬೇಕು. ಅವಳು ಚೀಟಿ ಚಾಚಿದಳು. ಅವರು ಅಂಗೈಯಗಲ ಸಹಿ ಜಡಿದರು, ಕೆಳಗೆ ಎರಡು ಗೆರೆ ಬೇರೆ.

ಕುದುರೆಯ ಕೆನೆತಕ್ಕೆ ನಿದ್ದೆ ಕೆಡುತ್ತದೆಂದು ಅದರ ಮೂಗು ಹೊಲಿಸಿದ ರಾಜ, ಮರುದಿನ ಬೇಟೆಗೆ ನಡೆದೇ ಹೋದನಂತೆ. ಅಜ್ಜಿಯ ಆ ಕಥೆ ನೆನಪಾದರೂ ಫಿಟ್ಟರಮ್ಮನಿಗೆ ನಗು ಬರಲಿಲ್ಲ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಮಧ್ಯಾಹ್ನ ಗಿರಾಕಿಗಳ ಮುಂದೆ ಅಳಿಯದೇವರು ಗಂಟಲು ಸರಿಮಾಡಿಕೊಂಡರು. “ಗಾಳಿ ವಾಲ್ವು ಅಂದ್ರೆ ಸಾಮಾನ್ಯ ಅಲ್ಲ! ಕರೆಂಟಿನ ಕಿಡಿ ಇಲ್ಲ, ತಿನ್ನರ್ ಪಕ್ಕದಲ್ಲೂ ಹೆದರಿಕೆ ಇಲ್ಲ. ಎಣ್ಣೆ ಕೊಳೆ ಇಲ್ಲ. ಔಷಧಿ ತುಂಬೋಕೆ, ಬಿಸ್ಕತ್ತು ಕಟ್ಟೋಕೆ, ಬಸ್ಸಿನ ಬಾಗಿಲು ತೆಗೆಯೋಕೆ, ಎಲ್ಲದಕ್ಕೂ ಇದೇ!”

ಹೇಳಿದ್ದೆಲ್ಲ ನಿಜವೇ. ಗಿಳಿ ಹೇಳಿದರೂ ನಿಜ ನಿಜವೇ.

ಪೆಡಲ್ ತುಳಿದರು. ಕೋಲು ಇಳಿಯಿತು. ಕಾಲು ತೆಗೆದರು. ಕೋಲು ಕಾವಿಗೆ ಕೂತ ಕೋಳಿಯಂತೆ ಡಬ್ಬಿಯ ಮೇಲೆ ಕೂತೇಬಿಟ್ಟಿತು. ಇನ್ನೊಮ್ಮೆ ತುಳಿದರು, ಹತ್ತು ಸಲ ತುಳಿದರು. ಗಿರಾಕಿಯೊಬ್ಬರು ಬೇಕೆಂದೇ ಕೆಮ್ಮಿದರು.

“ಇವಳೇ ಏನೋ ಕೆಡಿಸಿದಾಳೆ ಮಾವ! ಈಗಲೇ ಮನೆಗೆ ಕಳಿಸಿ!”

ಮಾಲೀಕರು ಕನ್ನಡಕ ಏರಿಸಿ, ಬಗ್ಗಿ, ಹಳದಿ ಚೀಟಿಯನ್ನು ಬಹಳ ಹೊತ್ತು ನೋಡಿದರು.

“ಸಹಿ ಚೆನ್ನಾಗಿದೆ, ಅಳಿಯಂದಿರೇ. ಎರಡು ಗೆರೆ ಯಾಕೆ, ಒಂದು ಸಾಲ್ತಿರ್ಲಿಲ್ವಾ?”

ಆಮೇಲೆ ಅವಳ ಕಡೆ ತಿರುಗಿದರು. “ಬಿಚ್ಚು ತಾಯಿ.”

ಅವಳು ಬಿರಡೆಯನ್ನು ಮೆಲ್ಲಗೆ ಸಡಿಲಿಸಿದಳು. ‘ಪುಸ್ಸ್ಸ್’ ಎಂದು ಉದ್ದನೆಯ ಸದ್ದಾಗಿ ಕೋಲು ಮೇಲೆದ್ದಿತು. ಅವಳು ಹೊಸ ಚೀಟಿ ತೆಗೆದು, ಮೂಲೆಯಲ್ಲಿ ಸಣ್ಣದಾಗಿ ಸಹಿ ಹಾಕಿ ಕಟ್ಟಿದಳು.

“ನಾಳೆ ಸ್ವಲ್ಪ ಬೇಗ ಬಾರಮ್ಮ,” ಎಂದರು ಮಾಲೀಕರು. “ಇವರಿಗೆ ಸ್ಪ್ಯಾನರ್ ಹಿಡಿಯೋದು ಕಲಿಸ್ಬೇಕು.”

ಹಳೆಯ ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿದರು.

“ಅದ್ಯಾಕೆ ಮಾವ?”

“ಮಗಳಿಗೆ ತೋರಿಸ್ಬೇಕು.”