ಭಾವನ ರಕ್ತದ ಬಿಳುಪು

"ಖಾಲಿ ಹೊಟ್ಟೆ ಕಣಮ್ಮ, ನೀರು ಬಿಟ್ಟು ಏನೂ ಮುಟ್ಟಿಲ್ಲ," ಅಂತ ನಮ್ಮ ಲ್ಯಾಬಿನಲ್ಲಿ ಭಾವ ತೋಳು ಚಾಚಿದರು. ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದೆ. ಕೆಂಪು ತಳಕ್ಕಿಳಿಯಿತು. ಮೇಲೆ ತಿಳಿಹಳದಿ ನೀರು ನಿಲ್ಲಬೇಕಿತ್ತು, ಹಾಲಿನಂತೆ ಬೆಳ್ಳಗಿತ್ತು.

"ಈ ಬಿಳುಪೆಲ್ಲ ಕೊಬ್ಬು. ಬೆಳಗ್ಗೆ ಕರಿದದ್ದು ಎಷ್ಟು ತಿಂದ್ರಿ?" ರೇಗಿದೆ.

ರಕ್ತವೇ ಬಾಯಿಬಿಟ್ಟಿತ್ತು. ಭಾವ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಮಿಟುಕಿಸದೆ ನೋಡಿದರು.

"ಇದು ನನ್ನೊಳಗೆ ಓಡಾಡ್ತಿದೆಯಾ?"

"ಈಗಲೂ."

"ಹಾಗಾದ್ರೆ ಎಣ್ಣೆ ಪೂರ್ತಿ ಬಿಟ್ಟೆ."

"ಪೂರ್ತಿ ಬಿಟ್ರೆ ಮೈ ನಡೆಯಲ್ಲ ಭಾವ. ದಿನಕ್ಕೆ ಮೂರ್ನಾಲ್ಕು ಚಮಚ ಸಾಕು."

ಮಧ್ಯಾಹ್ನ ಅಕ್ಕನ ಫೋನು. "ಇವರಿಗೆ ಏನೇ ತೋರಿಸಿದೆ? ಒಗ್ಗರಣೆಗೆ ಇಟ್ಟ ಒಂದು ಚಮಚ ಎಣ್ಣೆನ ಬೆಳಕಿಗೆ ಹಿಡ್ಕೊಂಡು ನಿಂತೇ ಇದಾರೆ. ಇಲ್ಲಿ ಬಾಣಲೆ ಸೀದುಹೋಯ್ತು."